ಡೇಟಾಬೇಸ್ ಸರ್ವರ್‌ನ ಡಿಸ್ಕ್ ದೊಡ್ಡದು ಮಾಡುವುದು, ಸರ್ವರ್ ನಿಲ್ಲಿಸದೆ

ಡೇಟಾಬೇಸ್ ಸರ್ವರ್‌ನ ಡಿಸ್ಕ್ ತುಂಬುತ್ತಾ ಬಂತು ಅಂದ ಕೂಡಲೇ ಎಷ್ಟೋ ತಂಡಗಳು ಮೊದಲು ಕೇಳುವುದು ಭಾನುವಾರ ರಾತ್ರಿ ನಾಲ್ಕು ಗಂಟೆ ಡೌನ್‌ಟೈಮ್. ಅಷ್ಟು ಬೇಕಾಗಿಲ್ಲ. ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ ಡೇಟಾ ಹೋಗಲು ಗಂಟೆಗಟ್ಟಲೆ ಹಿಡಿಯುತ್ತದೆ ನಿಜ, ಆದರೆ ಆ ಹೊತ್ತೆಲ್ಲ ಡೇಟಾಬೇಸ್ ತನ್ನ ಪಾಡಿಗೆ ಓಡುತ್ತಲೇ ಇರಬಹುದು. ನಿಲ್ಲಬೇಕಾಗಿ ಬಂದರೆ ಅದು ಕೊನೆಯ ಅದಲುಬದಲಿಗೆ ಮಾತ್ರ. ಬಹಳ ಸಲ ಅದೂ ಬೇಡ.

ಇಲ್ಲಿ ನಾನು ಲಿನಕ್ಸ್ ಮೇಲೆ ಓಡುವ ಪೋಸ್ಟ್‌ಗ್ರೆಸ್ ಅನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಮೈಎಸ್‌ಕ್ಯೂಎಲ್ ಇದ್ದವರಿಗೂ ಡಿಸ್ಕ್ ಮಟ್ಟದ ಕೆಲಸ ಅದೇ, ಬೇರೆಯಾಗುವ ಜಾಗಗಳನ್ನು ಕೊನೆಯ ಹೊತ್ತಿಗೆ ಹೇಳುತ್ತೇನೆ. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಟೈಪ್ ಮಾಡುವ ಮುಂಚೆ ಪ್ರತಿಯೊಂದರ ಮ್ಯಾನ್ ಪೇಜ್ ಒಮ್ಮೆ ತೆರೆದು ನೋಡಿ. ಪ್ರೊಡಕ್ಷನ್ ಡಿಸ್ಕ್ ಮೇಲೆ ಕೈ ಇಡುವಾಗ ಅಷ್ಟು ಎಚ್ಚರ ಇರಲೇಬೇಕು.

ಮೊದಲು ಏನಿದೆ ಅಂತ ನೋಡಿ

ಯಾವ ದಾರಿ ಹಿಡಿಯಬೇಕು ಅನ್ನುವುದು ನಿಮ್ಮ ಡಿಸ್ಕ್ ಈಗ ಹೇಗೆ ಜೋಡಣೆಯಾಗಿದೆ ಅನ್ನುವುದರ ಮೇಲೆ ನಿಂತಿದೆ. ಎಲ್‌ಎಸ್‌ಬಿಎಲ್‌ಕೆ ಕಮಾಂಡ್‌ಗೆ -ಎಫ್ ಸೇರಿಸಿ ಓಡಿಸಿ. ಡಿಸ್ಕ್ ಯಾವುದು, ಅದರ ಮೇಲೆ ಪಾರ್ಟಿಷನ್ ಇದೆಯಾ, ಅದರ ಮೇಲೆ ಎಲ್‌ವಿಎಂ (ಡಿಸ್ಕ್‌ಗಳನ್ನು ಕೂಡಿಸಿ ಬೇಕಾದಂತೆ ಹಂಚಿಕೊಳ್ಳುವ ಲಿನಕ್ಸ್ ಪದರ) ಇದೆಯಾ, ಕೊನೆಗೆ ಫೈಲ್‌ಸಿಸ್ಟಂ ಎಕ್ಸ್ಟ್4 ಅಥವಾ ಎಕ್ಸ್‌ಎಫ್‌ಎಸ್ ಇವೆರಡರಲ್ಲಿ ಯಾವುದು, ಎಲ್ಲವೂ ಒಂದೇ ಪರದೆಯಲ್ಲಿ ಕಾಣುತ್ತದೆ. ಅದನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಆಮೇಲೆ ಡಿಎಫ್ -ಎಚ್ ಓಡಿಸಿ ಎಷ್ಟು ತುಂಬಿದೆ ನೋಡಿ, ಡಿಎಫ್ -ಐ ಓಡಿಸಿ ಐನೋಡ್ (ಪ್ರತಿ ಫೈಲ್‌ಗೂ ಬೇಕಾಗುವ ನಮೂದು) ಖಾಲಿಯಾಗಿಲ್ಲ ಅಂತ ಖಚಿತ ಮಾಡಿಕೊಳ್ಳಿ.

ಇನ್ನೊಂದು ಪ್ರಶ್ನೆ ಇಲ್ಲೇ ಕೇಳಿಕೊಳ್ಳಬೇಕು. ಜಾಗ ತಿಂದಿರುವುದು ನಿಜವಾಗಿಯೂ ಡೇಟಾನಾ? ಡೇಟಾ ಡೈರೆಕ್ಟರಿಯ ಒಳಗೆ ಡಿಯು ಓಡಿಸಿದರೆ ಗೊತ್ತಾಗುತ್ತದೆ. 'ಪಿಜಿ_ವಾಲ್' ಫೋಲ್ಡರ್, ಅಂದರೆ ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ವಾಲ್ ಫೈಲ್‌ಗಳ ಜಾಗ, ಎಂದಿಗಿಂತ ವಿಪರೀತ ದೊಡ್ಡದಿದ್ದರೆ ಸಮಸ್ಯೆ ಬೇರೆ ಕಡೆ ಇದೆ. ಒಂದೊಂದು ವಾಲ್ ಫೈಲ್ ಮಾಮೂಲಿಯಾಗಿ 16 ಎಂಬಿ ಇರುತ್ತದೆ, ಬಳಸಿ ಮುಗಿದದ್ದನ್ನು ಪೋಸ್ಟ್‌ಗ್ರೆಸ್ ತಾನೇ ಅಳಿಸುತ್ತದೆ ಅಥವಾ ಹೆಸರು ಬದಲಿಸಿ ಮತ್ತೆ ಬಳಸುತ್ತದೆ. ಅಳಿಸುತ್ತಿಲ್ಲ ಅಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣ. ಯಾವುದೋ ರೆಪ್ಲಿಕಾ (ಡೇಟಾಬೇಸ್‌ನ ನಕಲನ್ನು ಸತತವಾಗಿ ಇಟ್ಟುಕೊಳ್ಳುವ ಇನ್ನೊಂದು ಸರ್ವರ್) ಸತ್ತು ಹೋಗಿದೆ, ಅದು ಎಲ್ಲಿಯ ತನಕ ಓದಿದೆ ಅಂತ ನೆನಪಿಡುವ ರೆಪ್ಲಿಕೇಷನ್ ಸ್ಲಾಟ್ ಮಾತ್ರ ಉಳಿದು ವಾಲ್ ಫೈಲ್‌ಗಳನ್ನು ಹಿಡಿದುಕೊಂಡಿದೆ. ಇಲ್ಲದಿದ್ದರೆ ವಾಲ್ ಫೈಲ್‌ಗಳನ್ನು ಬೇರೆ ಕಡೆ ನಕಲಿಸಿಡುವ ಆರ್ಕೈವ್ ಕಮಾಂಡ್ ಫೇಲ್ ಆಗುತ್ತಿದೆ. ಮೊದಲನೆಯದನ್ನು 'ಪಿಜಿ_ರೆಪ್ಲಿಕೇಷನ್_ಸ್ಲಾಟ್ಸ್' ಅನ್ನುವ ವ್ಯೂನಲ್ಲಿ ನೋಡಿ, ಎರಡನೆಯದನ್ನು 'ಪಿಜಿ_ಸ್ಟ್ಯಾಟ್_ಆರ್ಕೈವರ್' ವ್ಯೂನಲ್ಲಿ ನೋಡಿ. ಬೇಡದ ಸ್ಲಾಟ್ ಡ್ರಾಪ್ ಮಾಡಿದರೆ ಮುಂದಿನ ಚೆಕ್‌ಪಾಯಿಂಟ್ (ಮೆಮೊರಿಯಲ್ಲಿರುವ ಬದಲಾವಣೆಗಳನ್ನು ಡಿಸ್ಕ್‌ಗೆ ಬರೆದು ಮುಗಿಸುವ ಹಂತ) ಆದ ಮೇಲೆ ಜಾಗ ತಾನಾಗಿ ಬಿಡುತ್ತದೆ. ಇಂಥ ಹೊತ್ತಲ್ಲಿ ಹೊಸ ಡಿಸ್ಕ್ ಕೊಂಡರೂ ಅದೂ ತುಂಬುತ್ತದೆ ಅಷ್ಟೇ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು: 'ಪಿಜಿ_ವಾಲ್' ಒಳಗಿನ ಫೈಲ್‌ಗಳನ್ನು ಕೈಯಾರೆ ಅಳಿಸಬೇಡಿ. ಎಷ್ಟೇ ಅವಸರ ಇರಲಿ. 2017ರಲ್ಲಿ ಬಂದ ಪೋಸ್ಟ್‌ಗ್ರೆಸ್ 10ರ ತನಕ ಈ ಫೋಲ್ಡರ್‌ನ ಹೆಸರು 'ಪಿಜಿ_ಎಕ್ಸ್‌ಲಾಗ್' ಅಂತಿತ್ತು. ಹೆಸರಲ್ಲಿ ಲಾಗ್ ಅಂತ ಇದ್ದದ್ದಕ್ಕೆ, ಹಳೆಯ ಲಾಗ್ ತಾನೇ ಅಂತ ಜನ ಅಳಿಸಿ ಡೇಟಾಬೇಸ್ ಹಾಳು ಮಾಡಿಕೊಳ್ಳುತ್ತಿದ್ದರು. ಹೆಸರು ಬದಲಿಸಲು ಅದೂ ಒಂದು ಕಾರಣ. ಹೆಸರು ಬದಲಾದರೂ ಅಪಾಯ ಹಾಗೇ ಇದೆ.

ಉಸಿರಾಡಲು ಸ್ವಲ್ಪ ಜಾಗ

ಡಿಸ್ಕ್ 95 ಶೇಕಡಾ ದಾಟಿದ್ದರೆ ದೊಡ್ಡ ಕೆಲಸಕ್ಕೆ ಕೈ ಹಾಕುವ ಮುನ್ನ ಸ್ವಲ್ಪ ಜಾಗ ಮಾಡಿಕೊಳ್ಳಿ. ವಾಲ್ ಬರೆಯಲು ಜಾಗ ಇಲ್ಲದಿದ್ದರೆ ಪೋಸ್ಟ್‌ಗ್ರೆಸ್ ಪ್ಯಾನಿಕ್ ಆಗಿ ನಿಂತೇ ಹೋಗುತ್ತದೆ, ಜಾಗ ಕೊಡುವ ತನಕ ಮತ್ತೆ ಏಳುವುದಿಲ್ಲ.

ಎಕ್ಸ್ಟ್4 ಇದ್ದವರಿಗೆ ಒಂದು ಸುಲಭದ ದಾರಿ ಇದೆ. ಈ ಫೈಲ್‌ಸಿಸ್ಟಂ ಮಾಮೂಲಿಯಾಗಿ 5 ಶೇಕಡಾ ಜಾಗವನ್ನು ರೂಟ್ ಬಳಕೆದಾರನಿಗಾಗಿ ತೆಗೆದಿಟ್ಟಿರುತ್ತದೆ. ಡೇಟಾಬೇಸ್ ಓಡುವುದು ಪೋಸ್ಟ್‌ಗ್ರೆಸ್ ಅನ್ನುವ ಬಳಕೆದಾರನ ಹೆಸರಿನಲ್ಲಿ, ಆದ್ದರಿಂದ ಅದಕ್ಕೆ ಆ ಜಾಗ ಸಿಗುವುದೇ ಇಲ್ಲ. 1 ಟಿಬಿ ಡಿಸ್ಕ್‌ನಲ್ಲಿ ಅದು ಸುಮಾರು 50 ಜಿಬಿ! ಬರೀ ಡೇಟಾಕ್ಕೆ ಮೀಸಲಾದ ಡಿಸ್ಕ್‌ನಲ್ಲಿ ಅಷ್ಟು ಕಾದಿಡುವ ಅಗತ್ಯ ಇಲ್ಲ. ಟ್ಯೂನ್2ಎಫ್‌ಎಸ್ -ಎಂ 1 ಅಂತ ಕೊಟ್ಟರೆ 1 ಶೇಕಡಾಕ್ಕೆ ಇಳಿಯುತ್ತದೆ. ಮೌಂಟ್ ಆಗಿರುವಾಗಲೇ ನಡೆಯುತ್ತದೆ, ಡೇಟಾಬೇಸ್‌ಗೆ ಗೊತ್ತೂ ಆಗುವುದಿಲ್ಲ. ರೂಟ್ ಫೈಲ್‌ಸಿಸ್ಟಂ ಮೇಲೆ ಮಾತ್ರ ಇದನ್ನು ಮಾಡಬೇಡಿ.

ಜಾಗ ಮಾಡಬೇಕು ಅಂತ ಈ ಹೊತ್ತಲ್ಲಿ ವ್ಯಾಕ್ಯೂಮ್ ಫುಲ್ ಓಡಿಸಲು ಹೋಗುವವರಿದ್ದಾರೆ. ಬೇಡ. ಅದು ಟೇಬಲ್‌ನ ಹೊಸ ಪ್ರತಿಯನ್ನೇ ಬರೆಯುತ್ತದೆ, ಅಂದರೆ ಜಾಗ ಇಲ್ಲದಾಗಲೇ ಜಾಸ್ತಿ ಜಾಗ ಕೇಳುತ್ತದೆ, ಜೊತೆಗೆ ಮುಗಿಯುವ ತನಕ ಆ ಟೇಬಲ್ ಅನ್ನು ಓದಲೂ ಬಿಡದ ಹಾಗೆ ಲಾಕ್ ಹಾಕುತ್ತದೆ.

ಇದ್ದ ಡಿಸ್ಕನ್ನೇ ಬೆಳೆಸುವುದು

ನಿಮ್ಮ ಸರ್ವರ್ ಕ್ಲೌಡ್‌ನಲ್ಲೋ ವರ್ಚುವಲ್ ಮಷಿನ್ ಮೇಲೋ ಇದ್ದರೆ ಇದೇ ಅತ್ಯುತ್ತಮ ದಾರಿ, ಡೌನ್‌ಟೈಮ್ ಸೊನ್ನೆ. ಅಮೆಜಾನ್‌ನ ಇಬಿಎಸ್ ವಾಲ್ಯೂಮ್‌ಗಳನ್ನು ಓಡುತ್ತಿರುವಾಗಲೇ ದೊಡ್ಡದು ಮಾಡುವ ಸೌಲಭ್ಯ 2017ರಲ್ಲಿ ಬಂತು. ಅದಕ್ಕೂ ಮುಂಚೆ ಸ್ನ್ಯಾಪ್‌ಶಾಟ್ (ಆ ಕ್ಷಣದ ಡಿಸ್ಕ್‌ನ ಪ್ರತಿ) ತೆಗೆದು, ಹೊಸ ವಾಲ್ಯೂಮ್ ಮಾಡಿ, ಹಳೆಯದನ್ನು ಕಳಚಿ ಹೊಸದನ್ನು ಸೇರಿಸಬೇಕಿತ್ತು. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಹಳೆಯ ಸೂಚನೆಗಳು ಇನ್ನೂ ಅದನ್ನೇ ಹೇಳುತ್ತವೆ, ಅವನ್ನು ಬಿಡಿ.

ಮೊದಲು ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಅದು ಮುಗಿದ ಮೇಲೆ ಕನ್ಸೋಲ್‌ನಲ್ಲಿ ವಾಲ್ಯೂಮ್‌ನ ಸೈಜ್ ಬದಲಿಸಿ. ಸ್ಥಿತಿ 'ಆಪ್ಟಿಮೈಸಿಂಗ್' ಅಂತ ತೋರಿಸಿದ ತಕ್ಷಣ ಮುಂದುವರಿಯಬಹುದು, ಪೂರ್ತಿ ಮುಗಿಯುವ ತನಕ ಕಾಯಬೇಕಿಲ್ಲ. ಆದರೆ ಎಷ್ಟಕ್ಕೆ ಏರಿಸುತ್ತೀರಿ ಅನ್ನುವುದನ್ನು ಚೆನ್ನಾಗಿ ಯೋಚಿಸಿ ಏರಿಸಿ. ಇಬಿಎಸ್ ವಾಲ್ಯೂಮ್ ಒಮ್ಮೆ ದೊಡ್ಡದಾದರೆ ಮತ್ತೆ ಚಿಕ್ಕದು ಮಾಡಲು ಬರುವುದಿಲ್ಲ, ಬಾಡಿಗೆ ತಿಂಗಳು ತಿಂಗಳು ಬರುತ್ತಲೇ ಇರುತ್ತದೆ.

ವಿಎಂವೇರ್ ಇದ್ದರೆ ಉಲ್ಟಾ. ಆ ಮಷಿನ್‌ಗೆ ಹಳೆಯ ಸ್ನ್ಯಾಪ್‌ಶಾಟ್ ಇದ್ದರೆ ಡಿಸ್ಕ್ ದೊಡ್ಡದು ಮಾಡಲು ಬಿಡುವುದಿಲ್ಲ. ಮೊದಲು ಸ್ನ್ಯಾಪ್‌ಶಾಟ್‌ಗಳನ್ನು ಅಳಿಸಬೇಕು, ಬ್ಯಾಕಪ್ ಬೇರೆ ದಾರಿಯಲ್ಲಿ ಇಟ್ಟುಕೊಳ್ಳಬೇಕು. ಡಿಸ್ಕ್ ದೊಡ್ಡದಾದ ಮೇಲೆ ಲಿನಕ್ಸ್‌ಗೆ ಅದು ತಾನಾಗಿ ಕಾಣದಿರಬಹುದು. ಆಗ ಸಿಸ್‌ಎಫ್‌ಎಸ್ ಒಳಗೆ ಆ ಡಿಸ್ಕ್‌ನ ಡಿವೈಸ್ ಫೋಲ್ಡರ್‌ನಲ್ಲಿರುವ ರೀಸ್ಕ್ಯಾನ್ ಫೈಲ್‌ಗೆ 1 ಅಂತ ಬರೆದರೆ ಸಾಕು, ರೀಬೂಟ್ ಬೇಡ.

ಈಗ ಡಿಸ್ಕ್ ದೊಡ್ಡದಾಯಿತು, ಆದರೆ ಡಿಎಫ್‌ನಲ್ಲಿ ಹಳೆಯ ಲೆಕ್ಕವೇ ಕಾಣುತ್ತದೆ. ಗಾಬರಿ ಬೇಡ. ಕೆಳಗಿನ ಪದರದಿಂದ ಒಂದೊಂದಾಗಿ ಮೇಲೆ ಬರಬೇಕು, ಆ ಕ್ರಮ ತಪ್ಪಬಾರದು. ಪಾರ್ಟಿಷನ್ ಇದ್ದರೆ ಮೊದಲು ಅದು. ಅದಕ್ಕೆ ಗ್ರೋಪಾರ್ಟ್ ಅನ್ನುವ ಚಿಕ್ಕ ಟೂಲ್ ಇದೆ. ಉಬುಂಟುವಿನಲ್ಲಿ ಕ್ಲೌಡ್-ಗೆಸ್ಟ್-ಯುಟಿಲ್ಸ್ ಅನ್ನುವ ಪ್ಯಾಕೇಜ್‌ನಲ್ಲಿ, ರೆಡ್ ಹ್ಯಾಟ್ ಕಡೆ ಕ್ಲೌಡ್-ಯುಟಿಲ್ಸ್-ಗ್ರೋಪಾರ್ಟ್‌ನಲ್ಲಿ ಸಿಗುತ್ತದೆ. ಬಹಳ ಜನ ಇಲ್ಲಿ ಎಡವುತ್ತಾರೆ: ಡಿಸ್ಕ್‌ನ ಹೆಸರು ಮತ್ತು ಪಾರ್ಟಿಷನ್‌ನ ಸಂಖ್ಯೆ ನಡುವೆ ಒಂದು ಸ್ಪೇಸ್ ಇರಬೇಕು, ಎರಡನ್ನೂ ಸೇರಿಸಿ ಬರೆದರೆ ನಡೆಯುವುದಿಲ್ಲ. ಹಾಗೇ ಪಾರ್ಟಿಷನ್ ಟೇಬಲ್ ಹಳೆಯ ಎಂಬಿಆರ್ ನಮೂನೆಯದ್ದಾಗಿದ್ದರೆ 512 ಬೈಟ್ ಸೆಕ್ಟರ್‌ನ ಡಿಸ್ಕ್‌ನಲ್ಲಿ 2 ಟಿಬಿ ದಾಟಲು ಆಗುವುದಿಲ್ಲ. ಹೊಸ ನಮೂನೆಯಾದ ಜಿಪಿಟಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ, 4 ಟಿಬಿಗೆ ಏರಿಸಿದ ಮೇಲೆ ನೋಡಿದರೆ ಪ್ರಯೋಜನ ಇಲ್ಲ.

ಎಲ್‌ವಿಎಂ ಇದ್ದರೆ ಮುಂದಿನದು ಪಿವಿರೀಸೈಜ್, ಆಮೇಲೆ ಎಲ್‌ವಿಎಕ್ಸ್‌ಟೆಂಡ್. ಇದಕ್ಕೆ -ಆರ್ ಸೇರಿಸಿದರೆ ಫೈಲ್‌ಸಿಸ್ಟಂ ಅನ್ನೂ ಅದೇ ಬೆಳೆಸುತ್ತದೆ. ಸೈಜ್ ಕೊಡುವಾಗ ಮುಂದೆ ಪ್ಲಸ್ ಗುರುತು ಹಾಕುವುದನ್ನು ಮರೆಯಬೇಡಿ. ಪ್ಲಸ್ 200ಜಿ ಅಂದರೆ ಇನ್ನೂ 200 ಜಿಬಿ ಸೇರಿಸು ಅಂತ, ಬರೀ 200ಜಿ ಅಂದರೆ ಒಟ್ಟು 200 ಜಿಬಿ ಮಾಡು ಅಂತ. ಎಲ್‌ವಿಎಕ್ಸ್‌ಟೆಂಡ್ ಆದರೆ ಚಿಕ್ಕದು ಮಾಡಲು ಒಪ್ಪದೆ ನಿಲ್ಲುತ್ತದೆ, ಎಲ್‌ವಿರೀಸೈಜ್ ಹಾಗಲ್ಲ, ಅದಕ್ಕೆ ಚಿಕ್ಕದು ಮಾಡುವುದೂ ಗೊತ್ತು. ಆದ್ದರಿಂದ ಬೆಳೆಸುವ ಕೆಲಸಕ್ಕೆ ಎಲ್‌ವಿಎಕ್ಸ್‌ಟೆಂಡ್ ಮಾತ್ರ ಬಳಸಿ. ಇದ್ದ ಜಾಗವನ್ನೆಲ್ಲ ಒಮ್ಮೆಗೇ ಕೊಟ್ಟುಬಿಡಬೇಡಿ, ಹತ್ತು ಶೇಕಡಾದಷ್ಟು ವಾಲ್ಯೂಮ್ ಗ್ರೂಪ್‌ನಲ್ಲಿ (ಎಲ್‌ವಿಎಂ ಕೂಡಿಸಿಟ್ಟ ಡಿಸ್ಕ್‌ಗಳ ಗುಂಪು) ಹಾಗೇ ಬಿಡಿ. ಮುಂದೆ ಯಾವತ್ತೋ ರಾತ್ರಿ ಎರಡು ಗಂಟೆಗೆ ಡಿಸ್ಕ್ ತುಂಬಿದಾಗ ಒಂದೇ ಕಮಾಂಡ್‌ನಲ್ಲಿ ಅದನ್ನು ಕೊಟ್ಟು ಮಲಗಬಹುದು.

ಎಲ್‌ವಿಎಂ ಇಲ್ಲದಿದ್ದರೆ ಫೈಲ್‌ಸಿಸ್ಟಂ ಅನ್ನು ನೇರವಾಗಿ ಬೆಳೆಸಬೇಕು. ಎಕ್ಸ್ಟ್4ಗೆ ರೀಸೈಜ್2ಎಫ್‌ಎಸ್, ಅದಕ್ಕೆ ಡಿವೈಸ್‌ನ ಹೆಸರು ಕೊಡಬೇಕು. ಎಕ್ಸ್‌ಎಫ್‌ಎಸ್‌ಗೆ ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್, ಅದಕ್ಕೆ ಮೌಂಟ್ ಆದ ಜಾಗದ ಹೆಸರು ಕೊಡಬೇಕು. ಎರಡೂ ಡೇಟಾಬೇಸ್ ಓಡುತ್ತಿರುವಾಗಲೇ ನಡೆಯುತ್ತವೆ, ಸಾಮಾನ್ಯವಾಗಿ ಬೇಗ ಮುಗಿಯುತ್ತವೆ. ಬೆಳೆಸುವುದು ಸುಲಭ, ಇಳಿಸುವುದು ಕಷ್ಟ. ಎಕ್ಸ್ಟ್4 ಅನ್ನು ಅನ್‌ಮೌಂಟ್ ಮಾಡಿದರೆ ಮಾತ್ರ ಚಿಕ್ಕದು ಮಾಡಬಹುದು, ಎಕ್ಸ್‌ಎಫ್‌ಎಸ್ ವಿಷಯದಲ್ಲಿ ಆ ಆಸೆ ಇಟ್ಟುಕೊಳ್ಳಬೇಡಿ.

ಹೊಸ ಡಿಸ್ಕ್ ಸೇರಿಸಿ ಸಾಗಿಸುವುದು

ಇದ್ದ ಡಿಸ್ಕ್ ಬೆಳೆಯುವುದಿಲ್ಲ, ಹೊಸದೊಂದು ಬಂದಿದೆ ಅಂದುಕೊಳ್ಳೋಣ. ಕಂಪನಿಯ ಸ್ವಂತ ಸರ್ವರ್‌ಗಳಲ್ಲಿ ಇದೇ ಜಾಸ್ತಿ. ಎಲ್‌ವಿಎಂ ಇದ್ದರೆ ನಿಮ್ಮ ಪುಣ್ಯ, ಇಲ್ಲೂ ಡೌನ್‌ಟೈಮ್ ಬೇಡ.

ಹೊಸ ಡಿಸ್ಕ್ ಮೇಲೆ ಪಿವಿಕ್ರಿಯೇಟ್ ಮಾಡಿ, ವಿಜಿಎಕ್ಸ್‌ಟೆಂಡ್ ಕೊಟ್ಟು ಅದನ್ನು ಹಳೆಯ ವಾಲ್ಯೂಮ್ ಗ್ರೂಪ್‌ಗೆ ಸೇರಿಸಿ. ಇಲ್ಲಿಗೇ ನಿಲ್ಲಿಸಿ ಎಲ್‌ವಿಎಕ್ಸ್‌ಟೆಂಡ್ ಮಾಡಿದರೂ ಜಾಗ ಸಿಗುತ್ತದೆ, ಆದರೆ ಒಂದೇ ಫೈಲ್‌ಸಿಸ್ಟಂ ಎರಡು ಡಿಸ್ಕ್‌ಗಳ ಮೇಲೆ ಹರಡಿಕೊಂಡು ಕೂರುತ್ತದೆ. ಎರಡರಲ್ಲಿ ಯಾವುದು ಕೆಟ್ಟರೂ ಡೇಟಾ ಪೂರ್ತಿ ಹೋಯಿತು. ಸ್ನ್ಯಾಪ್‌ಶಾಟ್ ತೆಗೆಯುವಾಗಲೂ ಎರಡನ್ನೂ ಒಂದೇ ಕ್ಷಣಕ್ಕೆ ಸೇರಿಸಿ ತೆಗೆಯಬೇಕು, ಬೇರೆ ಬೇರೆ ಹೊತ್ತಿನ ಎರಡು ಸ್ನ್ಯಾಪ್‌ಶಾಟ್ ಜೋಡಿಸಿದರೆ ಸಿಗುವುದು ಡೇಟಾಬೇಸ್ ಅಲ್ಲ. ಕೆಳಗೆ ರೇಡ್ (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಸುವ ಜೋಡಣೆ) ಇಲ್ಲದಿದ್ದರೆ ನಾನಂತೂ ಹೀಗೆ ಬಿಡುವುದಿಲ್ಲ.

ಆದ್ದರಿಂದ ಪಿವಿಮೂವ್. ಹಳೆಯ ಡಿಸ್ಕ್‌ನಲ್ಲಿರುವುದನ್ನೆಲ್ಲ ಇದು ಹೊಸದಕ್ಕೆ ಸಾಗಿಸುತ್ತದೆ, ಮೇಲೆ ಪೋಸ್ಟ್‌ಗ್ರೆಸ್ ಬರೆಯುತ್ತಾ ಓದುತ್ತಾ ಇದ್ದ ಹಾಗೇ. ಒಳಗೆ ನಡೆಯುವುದು ಏನೆಂದರೆ, ಸಾಗಿಸುತ್ತಿರುವ ಭಾಗಕ್ಕೆ ತಾತ್ಕಾಲಿಕವಾಗಿ ಕನ್ನಡಿ ಪ್ರತಿ ಮಾಡಿಕೊಂಡು, ಎರಡೂ ಕಡೆ ಒಂದೇ ಆದ ಮೇಲೆ ಹಳೆಯದನ್ನು ಬಿಡುತ್ತದೆ. ನಡುವೆ ಕರೆಂಟ್ ಹೋಗಿ ಮಷಿನ್ ನಿಂತರೂ ಡೇಟಾ ಹೋಗುವುದಿಲ್ಲ, ಎದ್ದ ಮೇಲೆ ಸುಮ್ನೆ ಪಿವಿಮೂವ್ ಅಂತ ಏನೂ ಸೇರಿಸದೆ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಬೇಡ ಅನಿಸಿದರೆ ಅಬಾರ್ಟ್ ಆಯ್ಕೆ ಇದೆ. ಈ ಟೂಲ್ ಬಗ್ಗೆ ನನಗೆ ದೊಡ್ಡ ಗೌರವ.

ಆದರೆ ಡಿಸ್ಕ್ ಮೇಲೆ ಭಾರ ಬೀಳುತ್ತದೆ, ಕ್ವೆರಿಗಳು ನಿಧಾನವಾಗುತ್ತವೆ. ಇಷ್ಟೇ ವೇಗದಲ್ಲಿ ಹೋಗು ಅಂತ ಹೇಳುವ ಸುಲಭದ ಆಯ್ಕೆ ಇದರಲ್ಲಿ ಇಲ್ಲ. ಅದಕ್ಕೆ ತುಂಡು ತುಂಡಾಗಿ ಸಾಗಿಸಿ. ಎಲ್‌ವಿಎಂ ಡಿಸ್ಕನ್ನು ಎಕ್ಸ್‌ಟೆಂಟ್‌ಗಳಾಗಿ ಹಂಚಿರುತ್ತದೆ, ಮಾಮೂಲಿ ಎಕ್ಸ್‌ಟೆಂಟ್ 4 ಎಂಬಿ. ಹಳೆಯ ಡಿಸ್ಕ್‌ನ ಹೆಸರಾದ ಮೇಲೆ ಕೋಲನ್ ಹಾಕಿ 0-25599 ಅಂತ ಕೊಟ್ಟರೆ ಮೊದಲ 100 ಜಿಬಿ ಮಾತ್ರ ಹೋಗುತ್ತದೆ. ಇವತ್ತು ರಾತ್ರಿ ಇಷ್ಟು, ನಾಳೆ ರಾತ್ರಿ ಇನ್ನಷ್ಟು. ಹಗಲು ಹೊತ್ತಿನ ಟ್ರಾಫಿಕ್‌ಗೆ ತೊಂದರೆ ಇಲ್ಲ. ಟಿಮಕ್ಸ್ (ಸಂಪರ್ಕ ಕಡಿದರೂ ಕೆಲಸ ನಿಲ್ಲದ ಟರ್ಮಿನಲ್) ಒಳಗೆ ಓಡಿಸಿ, ಡಿಸ್ಕ್ ಮೇಲಿನ ಭಾರ ತೋರಿಸುವ ಐಒಸ್ಟ್ಯಾಟ್ ಪಕ್ಕದ ಕಿಟಕಿಯಲ್ಲಿ ತೆರೆದಿಟ್ಟುಕೊಳ್ಳಿ. ಎಲ್ಲ ಹೋದ ಮೇಲೆ ವಿಜಿರೆಡ್ಯೂಸ್ ಕೊಟ್ಟು ಹಳೆಯ ಡಿಸ್ಕನ್ನು ಗುಂಪಿನಿಂದ ಬಿಡಿಸಿ, ಪಿವಿರಿಮೂವ್ ಮಾಡಿ, ಆಮೇಲೆ ಎಲ್‌ವಿಎಕ್ಸ್‌ಟೆಂಡ್.

ಸಾಫ್ಟ್‌ವೇರ್ ರೇಡ್ 1 (ಎರಡು ಡಿಸ್ಕ್‌ನಲ್ಲೂ ಒಂದೇ ಡೇಟಾ) ಇಟ್ಟುಕೊಂಡವರಿಗೆ ಇನ್ನೊಂದು ದಾರಿಯೂ ಇದೆ. ಒಂದೊಂದೇ ಡಿಸ್ಕ್ ತೆಗೆದು ದೊಡ್ಡದನ್ನು ಹಾಕಿ, ಪ್ರತಿ ಸಲ ಸಿಂಕ್ ಮುಗಿಯಲು ಬಿಟ್ಟು, ಕೊನೆಗೆ ಎಂಡಿಎಡಿಎಂ ಗ್ರೋ ಕೊಟ್ಟು ಸೈಜ್ ಮ್ಯಾಕ್ಸ್ ಮಾಡುವುದು. ಸಿಂಕ್ ಆಗುವ ಹೊತ್ತಲ್ಲಿ ಉಳಿದ ಒಂದೇ ಡಿಸ್ಕ್ ಮೇಲೆ ಎಲ್ಲ ನಿಂತಿರುತ್ತದೆ, ಹಾಗಾಗಿ ಬ್ಯಾಕಪ್ ಇಲ್ಲದೆ ಶುರು ಮಾಡಲೇಬಾರದು.

ಆರ್‌ಸಿಂಕ್ ದಾರಿ, ಅದರ ತೊಡಕು

ಎಲ್‌ವಿಎಂ ಇಲ್ಲ, ಡಿಸ್ಕ್ ಬೆಳೆಯುವುದಿಲ್ಲ, ಇನ್ನೊಂದು ಸರ್ವರ್ ಕೂಡ ಇಲ್ಲ. ಆಗ ಉಳಿಯುವುದು ಫೈಲ್‌ಗಳನ್ನು ಕಾಪಿ ಮಾಡುವ ಆರ್‌ಸಿಂಕ್. ಡೇಟಾಬೇಸ್ ಓಡುತ್ತಿರುವಾಗಲೇ ಒಮ್ಮೆ ಪೂರ್ತಿ ಕಾಪಿ, ಬೇಕಿದ್ದರೆ ಇನ್ನೊಮ್ಮೆ, ಆಮೇಲೆ ಪೋಸ್ಟ್‌ಗ್ರೆಸ್ ನಿಲ್ಲಿಸಿ ಬದಲಾದಷ್ಟನ್ನು ಮಾತ್ರ ಕೊನೆಯ ಕಾಪಿ. ಓಡುತ್ತಿರುವಾಗ ತೆಗೆದ ಕಾಪಿ ಅರೆಬರೆ, ಅದರ ಮೇಲೆ ಪೋಸ್ಟ್‌ಗ್ರೆಸ್ ಎಬ್ಬಿಸಬಾರದು. ಕೊನೆಯ ಕಾಪಿ ಆದ ಮೇಲೆ ಮಾತ್ರ ಅದಕ್ಕೆ ಅರ್ಥ.

ಕೊನೆಯ ಸುತ್ತಿನಲ್ಲಿ ಡಿಲೀಟ್ ಆಯ್ಕೆ ಇರಲೇಬೇಕು, ಇಲ್ಲದಿದ್ದರೆ ಪೋಸ್ಟ್‌ಗ್ರೆಸ್ ಅಳಿಸಿದ ಫೈಲ್‌ಗಳು ಹೊಸ ಕಡೆ ಉಳಿದುಬಿಡುತ್ತವೆ. ಎರಡನೆಯದು ಚೆಕ್‌ಸಮ್ ಆಯ್ಕೆ. ಆರ್‌ಸಿಂಕ್ ಮಾಮೂಲಿಯಾಗಿ ಫೈಲ್‌ನ ಸೈಜ್ ಮತ್ತು ಬದಲಾದ ಹೊತ್ತು ನೋಡಿ ಫೈಲ್ ಬದಲಾಗಿದೆಯಾ ಅಂತ ತೀರ್ಮಾನಿಸುತ್ತದೆ, ಆ ಹೊತ್ತಿನ ಲೆಕ್ಕ ಒಂದು ಸೆಕೆಂಡಿನಷ್ಟು ಒರಟು. ಅದೇ ಸೆಕೆಂಡಿನಲ್ಲಿ ಸೈಜ್ ಬದಲಾಗದೆ ಒಳಗಿನ ಪುಟ ಬದಲಾಗಿದ್ದರೆ ಅದರ ಕಣ್ಣಿಗೆ ಬೀಳುವುದಿಲ್ಲ. ಪೋಸ್ಟ್‌ಗ್ರೆಸ್‌ನ ಅಧಿಕೃತ ದಾಖಲೆಯೇ ಇದಕ್ಕಾಗಿ ಚೆಕ್‌ಸಮ್ ಬಳಸಿ ಅನ್ನುತ್ತದೆ. ಆದರೆ ಚೆಕ್‌ಸಮ್ ಅಂದರೆ ಎರಡೂ ಕಡೆಯ ಡೇಟಾವನ್ನು ಪೂರ್ತಿ ಓದಬೇಕು, ಅದೂ ಡೇಟಾಬೇಸ್ ನಿಂತಿರುವಾಗ! 50 ಜಿಬಿ ಇದ್ದರೆ ಪರವಾಗಿಲ್ಲ, 2 ಟಿಬಿ ಇದ್ದರೆ ಗಂಟೆಗಳ ಮಾತು. ಅದಕ್ಕೇ ದೊಡ್ಡ ಡೇಟಾಬೇಸ್‌ಗೆ ನಾನು ಆರ್‌ಸಿಂಕ್ ಹೇಳುವುದಿಲ್ಲ, ಮುಂದೆ ಬರುವ ರೆಪ್ಲಿಕಾ ದಾರಿ ಹೇಳುತ್ತೇನೆ.

ಆರ್‌ಸಿಂಕ್ ಮಾಡುವುದೇ ಆದರೆ, ನಿಲ್ಲಿಸುವ ಮುಂಚೆ ಕೈಯಿಂದ ಒಂದು ಚೆಕ್‌ಪಾಯಿಂಟ್ ಕೊಡಿ, ಶಟ್‌ಡೌನ್ ಬೇಗ ಆಗುತ್ತದೆ. ಹೊಸ ಡಿಸ್ಕ್‌ನ ಮೌಂಟ್ ಪಾಯಿಂಟನ್ನೇ ಡೇಟಾ ಡೈರೆಕ್ಟರಿ ಮಾಡಬೇಡಿ, ಅದರೊಳಗೆ ಒಂದು ಫೋಲ್ಡರ್ ಮಾಡಿ. ಮಾಲೀಕ ಪೋಸ್ಟ್‌ಗ್ರೆಸ್ ಇರಲಿ, ಪರ್ಮಿಷನ್ 0700 ಇರಲಿ. ಬೂಟ್ ಆಗುವಾಗ ಏನನ್ನು ಎಲ್ಲಿ ಮೌಂಟ್ ಮಾಡಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್‌ನಲ್ಲಿ ಡಿಸ್ಕ್‌ನ ಹೆಸರಿನ ಬದಲು ಅದರ ಬದಲಾಗದ ಗುರುತಾದ ಯುಯುಐಡಿ ಬರೆಯಿರಿ, ರೀಬೂಟ್ ಆದಾಗ ಹೆಸರುಗಳು ಅದಲುಬದಲಾಗುವುದುಂಟು.

ಇಲ್ಲೊಂದು ಅಪಾಯ ಇದೆ, ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಹಳೆಯ ಡೇಟಾ ಇದ್ದ ಜಾಗದ ಮೇಲೆಯೇ ಹೊಸ ಡಿಸ್ಕ್ ಮೌಂಟ್ ಮಾಡಿದ್ದೀರಿ, ಹಳೆಯ ಫೈಲ್‌ಗಳು ಅಡಿಯಲ್ಲಿ ಹಾಗೇ ಇವೆ ಅಂದುಕೊಳ್ಳಿ. ಮೂರು ತಿಂಗಳ ನಂತರ ಯಾವುದೋ ರೀಬೂಟ್‌ನಲ್ಲಿ ಮೌಂಟ್ ಆಗಲಿಲ್ಲ. ಪೋಸ್ಟ್‌ಗ್ರೆಸ್ ಯಾವ ತಕರಾರೂ ಇಲ್ಲದೆ ಮೂರು ತಿಂಗಳ ಹಿಂದಿನ ಡೇಟಾ ಮೇಲೆ ಎದ್ದು ನಿಂತು ಹೊಸ ಆರ್ಡರ್‌ಗಳನ್ನು ಬರೆಯಲು ಶುರು ಮಾಡುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೇನಿದೆ? ಹಳೆಯ ಫೋಲ್ಡರ್‌ನ ಹೆಸರು ಬದಲಿಸಿಯೇ ಮೌಂಟ್ ಮಾಡಿ. ಸಿಸ್ಟಂಡಿಯ ಸರ್ವಿಸ್ ಫೈಲ್‌ನಲ್ಲಿ ರಿಕ್ವೈರ್ಸ್‌ಮೌಂಟ್ಸ್‌ಫಾರ್ ಅನ್ನುವ ಸಾಲು ಸೇರಿಸಿ, ಮೌಂಟ್ ಇಲ್ಲದಿದ್ದರೆ ಪೋಸ್ಟ್‌ಗ್ರೆಸ್ ಏಳುವುದೇ ಇಲ್ಲ.

ರೆಪ್ಲಿಕಾ ಕಟ್ಟಿ ಬದಲಿಸುವುದು

ದೊಡ್ಡ ಡೇಟಾಬೇಸ್‌ಗೆ ನನ್ನ ಮತ ಇದಕ್ಕೆ. ದೊಡ್ಡ ಡಿಸ್ಕ್ ಇರುವ ಹೊಸ ಸರ್ವರ್ ತಂದು, ಅದನ್ನು ಹಳೆಯದರ ರೆಪ್ಲಿಕಾ ಮಾಡಿ, ಎರಡೂ ಸಮನಾದ ಮೇಲೆ ಹೊಸದನ್ನು ಪ್ರೈಮರಿ (ಬರಹಗಳನ್ನು ತೆಗೆದುಕೊಳ್ಳುವ ಮುಖ್ಯ ಸರ್ವರ್) ಮಾಡುವುದು. ನಿಲ್ಲುವುದು ಸೆಕೆಂಡುಗಳ ಲೆಕ್ಕದಲ್ಲಿ, ಜಾಸ್ತಿ ಅಂದರೆ ಒಂದೆರಡು ನಿಮಿಷ. ಡಿಸ್ಕ್ ಚಿಕ್ಕದು ಮಾಡಬೇಕು, ಪಾರ್ಟಿಷನ್ ಸರಿ ಇಲ್ಲ, ಎಲ್‌ವಿಎಂ ಹಾಕಬೇಕು, ಈ ಹಳೆಯ ಆಸೆಗಳೆಲ್ಲ ಇದೇ ಕೆಲಸದಲ್ಲಿ ತೀರುತ್ತವೆ.

ಎರಡೂ ಕಡೆ ಪೋಸ್ಟ್‌ಗ್ರೆಸ್‌ನ ಮುಖ್ಯ ಆವೃತ್ತಿ ಒಂದೇ ಇರಬೇಕು, ಇದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿಲ್ಲದ್ದು ಆಪರೇಟಿಂಗ್ ಸಿಸ್ಟಂ ವಿಷಯ. ಹೇಗೂ ಹೊಸ ಸರ್ವರ್ ತಾನೇ, ಹೊಸ ಲಿನಕ್ಸ್ ಹಾಕೋಣ ಅನಿಸುತ್ತದೆ ಅಲ್ವಾ? ತಡೆಯಿರಿ. ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿಯ 2018ರಲ್ಲಿ ಬಂದ 2.28ರಲ್ಲಿ ಅಕ್ಷರಗಳನ್ನು ಅನುಕ್ರಮವಾಗಿ ಜೋಡಿಸುವ ನಿಯಮಗಳು ಬದಲಾದವು. ಟೆಕ್ಸ್ಟ್ ಕಾಲಂ ಮೇಲಿನ ಇಂಡೆಕ್ಸ್‌ಗಳು ಹಳೆಯ ಕ್ರಮದಲ್ಲಿ ಕೂತಿರುತ್ತವೆ, ಹೊಸ ಸಿಸ್ಟಂ ಹೊಸ ಕ್ರಮದಲ್ಲಿ ಹುಡುಕುತ್ತದೆ. ಇರುವ ಸಾಲು ಇಲ್ಲ ಅನ್ನುತ್ತದೆ, ಯೂನಿಕ್ ಇರಬೇಕಾದಲ್ಲಿ ಎರಡು ಸಾಲು ಸೇರಿಕೊಳ್ಳುತ್ತವೆ. ಉಬುಂಟು 18.04ರಲ್ಲಿ ಇದ್ದದ್ದು 2.27, ಡೆಬಿಯನ್ 10 ಮತ್ತು ರೆಡ್ ಹ್ಯಾಟ್ 8ರಲ್ಲಿ 2.28. ಈ ಗೆರೆ ದಾಟುವುದಿದ್ದರೆ ಬದಲಿಸಿದ ಮೇಲೆ ಟೆಕ್ಸ್ಟ್ ಇಂಡೆಕ್ಸ್‌ಗಳನ್ನೆಲ್ಲ ಹೊಸದಾಗಿ ಕಟ್ಟಬೇಕು. ಡಿಸ್ಕ್ ಕೆಲಸವನ್ನು ಡಿಸ್ಕ್ ಕೆಲಸವಾಗಿಯೇ ಇಡಿ, ಒಎಸ್ ಕೂಡ ಅದೇ ಇರಲಿ.

ಪಿಜಿ_ಬೇಸ್‌ಬ್ಯಾಕಪ್ ಓಡಿಸಿ, -ಆರ್ ದೊಡ್ಡಕ್ಷರದಲ್ಲಿ ಕೊಡಿ, ರೆಪ್ಲಿಕಾಗೆ ಬೇಕಾದ ಸೆಟ್ಟಿಂಗ್ ಅದೇ ಬರೆಯುತ್ತದೆ. ಸ್ಲಾಟ್ ಬಳಸುವುದಾದರೆ ಒಂದು ಎಚ್ಚರಿಕೆ: ಬ್ಯಾಕಪ್ ಮುಗಿದ ಮೇಲೆ ರೆಪ್ಲಿಕಾ ಎದ್ದು ಸೇರಿಕೊಳ್ಳುವ ತನಕ ಹಳೆಯ ಸರ್ವರ್ ವಾಲ್ ಫೈಲ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊದಲೇ ತುಂಬಿದ ಡಿಸ್ಕ್ ಅದು! ಬ್ಯಾಕಪ್ ಮುಗಿದ ಕೂಡಲೇ ರೆಪ್ಲಿಕಾ ಎಬ್ಬಿಸಿ, ಬೆಳಗ್ಗೆ ನೋಡೋಣ ಅಂತ ಮಲಗಬೇಡಿ. 2020ರ ಪೋಸ್ಟ್‌ಗ್ರೆಸ್ 13ರಿಂದ 'ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್' ಅನ್ನುವ ಸೆಟ್ಟಿಂಗ್ ಇದೆ, ಸ್ಲಾಟ್ ಎಷ್ಟು ಹಿಡಿದುಕೊಳ್ಳಬಹುದು ಅಂತ ಮಿತಿ ಹಾಕುತ್ತದೆ. ಮಾಮೂಲಿಯಾಗಿ ಮಿತಿ ಇರುವುದಿಲ್ಲ, ನೀವೇ ಹಾಕಬೇಕು. ಮಿತಿ ದಾಟಿದರೆ ರೆಪ್ಲಿಕಾ ಹಾಳಾಗುತ್ತದೆ, ಪ್ರೈಮರಿ ಉಳಿಯುತ್ತದೆ. ಅದೇ ಸರಿ.

ಬದಲಿಸುವ ದಿನ ಆ್ಯಪ್ ಮತ್ತು ಡೇಟಾಬೇಸ್ ನಡುವೆ ಸಂಪರ್ಕಗಳನ್ನು ನೋಡಿಕೊಳ್ಳುವ ಪಿಜಿಬೌನ್ಸರ್ ಇದ್ದರೆ ಕೆಲಸ ಬಹಳ ಹಗುರ. ಅದಕ್ಕೆ ಪಾಝ್ (ತಾತ್ಕಾಲಿಕ ತಡೆ) ಅಂತ ಹೇಳಿದರೆ ನಡೆಯುತ್ತಿರುವ ಟ್ರಾನ್ಸಾಕ್ಷನ್‌ಗಳು ಮುಗಿಯಲು ಬಿಟ್ಟು, ಹೊಸದಾಗಿ ಬಂದ ಕ್ವೆರಿಗಳನ್ನು ಬಾಗಿಲಲ್ಲೇ ಕಾಯಿಸುತ್ತದೆ. ಆ್ಯಪ್‌ಗೆ ಎರರ್ ಬರುವುದಿಲ್ಲ, ಸ್ವಲ್ಪ ನಿಧಾನ ಅನಿಸುತ್ತದೆ ಅಷ್ಟೇ. ಉದ್ದದ ರಿಪೋರ್ಟ್ ಕ್ವೆರಿ ಒಂದು ಓಡುತ್ತಿದ್ದರೆ ಪಾಝ್ ಅದಕ್ಕಾಗಿ ಕಾಯುತ್ತಲೇ ಇರುತ್ತದೆ, ಆದ್ದರಿಂದ ಅಂಥವನ್ನು ಮೊದಲೇ ನಿಲ್ಲಿಸಿ, ಕ್ರಾನ್ ಕೆಲಸಗಳನ್ನೂ ತಡೆಹಿಡಿಯಿರಿ. ಪಿಜಿಬೌನ್ಸರ್ ಇಲ್ಲದೆ ಡಿಎನ್‌ಎಸ್ ಹೆಸರಿನ ಮೂಲಕ ಹೋಗುತ್ತಿದ್ದರೆ ಹಿಂದಿನ ದಿನವೇ ಟಿಟಿಎಲ್ (ಹಳೆಯ ವಿಳಾಸ ನೆನಪಿಟ್ಟುಕೊಳ್ಳುವ ಅವಧಿ) ಅನ್ನು 60 ಸೆಕೆಂಡಿಗೆ ಇಳಿಸಿಡಿ.

'ಪಿಜಿ_ಸ್ಟ್ಯಾಟ್_ರೆಪ್ಲಿಕೇಷನ್' ನೋಡಿ, ಲ್ಯಾಗ್ ಸೊನ್ನೆಗೆ ಬಂದಿರಲಿ. ಪಾಝ್ ಕೊಡಿ. ಹಳೆಯ ಪ್ರೈಮರಿಯನ್ನು ಫಾಸ್ಟ್ ಮೋಡ್‌ನಲ್ಲಿ ನಿಲ್ಲಿಸಿ, ಅದು ನಿಲ್ಲುವ ಮೊದಲು ಉಳಿದ ವಾಲ್ ಅನ್ನು ರೆಪ್ಲಿಕಾಗೆ ಕಳಿಸಿಯೇ ನಿಲ್ಲುತ್ತದೆ. ಹಳೆಯದರಲ್ಲಿ ಪಿಜಿ_ಕಂಟ್ರೋಲ್‌ಡೇಟಾ ಓಡಿಸಿ ಕೊನೆಯ ಚೆಕ್‌ಪಾಯಿಂಟ್‌ನ ಜಾಗ ಬರೆದುಕೊಳ್ಳಿ, ಹೊಸದಕ್ಕೆ ಅಲ್ಲಿಯ ತನಕ ತಲುಪಿದೆಯಾ ಅಂತ ಹೋಲಿಸಿ. ಈ ಹೋಲಿಕೆ ಬಿಟ್ಟು ಮುಂದೆ ಹೋಗಬೇಡಿ, ಹತ್ತು ಸೆಕೆಂಡು ಉಳಿಸಲು ಹೋಗಿ ಹತ್ತು ಆರ್ಡರ್ ಕಳೆದುಕೊಳ್ಳುವುದು ಬೇಡ. ಆಮೇಲೆ ಹೊಸದರಲ್ಲಿ 'ಪಿಜಿ_ಪ್ರಮೋಟ್' ಫಂಕ್ಷನ್ ಕರೆಯಿರಿ, ಇದು 12ನೇ ಆವೃತ್ತಿಯಿಂದ ಇದೆ. ಪಿಜಿಬೌನ್ಸರ್‌ನ ಕಾನ್ಫಿಗ್‌ನಲ್ಲಿ ಹೊಸ ವಿಳಾಸ ಹಾಕಿ ರೀಲೋಡ್, ನಂತರ ರೆಸ್ಯೂಮ್.

ಹಳೆಯ ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ಸರ್ವಿಸ್ ಅನ್ನು ಸಿಸ್ಟಂಸಿಟಿಎಲ್ ಮಾಸ್ಕ್ ಮಾಡಿ. ಬರೀ ನಿಲ್ಲಿಸಿದರೆ ಸಾಲದು. ಯಾರೋ ಅದನ್ನು ರೀಬೂಟ್ ಮಾಡಿ ಅದು ಎದ್ದರೆ ಎರಡು ಪ್ರೈಮರಿ ಆಗುತ್ತವೆ, ಅರ್ಧ ಬರಹ ಅಲ್ಲಿ, ಅರ್ಧ ಇಲ್ಲಿ. ಅದನ್ನು ಮತ್ತೆ ಒಂದು ಮಾಡುವುದು ನರಕಯಾತನೆ.

ಇಡೀ ಕೆಲಸವನ್ನು ಸ್ಟೇಜಿಂಗ್‌ನಲ್ಲಿ ಒಮ್ಮೆ ಮಾಡಿ ನೋಡಿ, ಪ್ರತಿ ಹೆಜ್ಜೆಯ ಕಮಾಂಡ್ ಒಂದು ಫೈಲ್‌ನಲ್ಲಿ ಸಿದ್ಧವಾಗಿರಲಿ. ಬದಲಿಸುವ ಹೊತ್ತಲ್ಲಿ ಯಾರೂ ಯೋಚಿಸಿ ಟೈಪ್ ಮಾಡಬಾರದು. ದಿನ ಆರಿಸುವಾಗ ನಿಮ್ಮ ಬಳಕೆದಾರರನ್ನು ನೆನೆಯಿರಿ. ಕಾಲೇಜು ಅಡ್ಮಿಷನ್ ಸಾಫ್ಟ್‌ವೇರ್ ಇದ್ದರೆ ಫಲಿತಾಂಶದ ವಾರ ಬೇಡ, ಸಂಬಳದ ಸಾಫ್ಟ್‌ವೇರ್ ಇದ್ದರೆ ತಿಂಗಳ ಕೊನೆ ಬೇಡ.

ಟೇಬಲ್‌ಸ್ಪೇಸ್ ಬಗ್ಗೆ

ಹೊಸ ಡಿಸ್ಕ್‌ನಲ್ಲಿ ಟೇಬಲ್‌ಸ್ಪೇಸ್ (ಟೇಬಲ್‌ಗಳನ್ನು ಇಡಲು ಗೊತ್ತು ಮಾಡಿದ ಬೇರೆ ಜಾಗ) ಮಾಡಿ ಒಂದೆರಡು ದೊಡ್ಡ ಟೇಬಲ್ ಅಲ್ಲಿಗೆ ಕಳಿಸಿದರೆ ಆಗದಾ ಅಂತ ಕೇಳುವವರಿದ್ದಾರೆ. ಆಗುತ್ತದೆ. ಆದರೆ ಆಲ್ಟರ್ ಟೇಬಲ್ ಮೂಲಕ ಟೇಬಲ್‌ಸ್ಪೇಸ್ ಬದಲಿಸಿದರೆ ಕಾಪಿ ಮುಗಿಯುವ ತನಕ ಆ ಟೇಬಲ್ ಪೂರ್ತಿ ಲಾಕ್, ದೊಡ್ಡ ಟೇಬಲ್‌ಗೆ ಅದೇ ಡೌನ್‌ಟೈಮ್ ಆಯಿತು. ಪಿಜಿ_ರೀಪ್ಯಾಕ್ ಎಕ್ಸ್‌ಟೆನ್ಷನ್ ಬಳಸಿದರೆ ಲಾಕ್ ಬೀಳುವುದು ಶುರುವಿಗೆ ಮತ್ತು ಕೊನೆಗೆ ಸ್ವಲ್ಪ ಹೊತ್ತು ಮಾತ್ರ, ಅದು ಟೇಬಲ್‌ಸ್ಪೇಸ್ ಬದಲಿಸುವುದನ್ನೂ ಮಾಡುತ್ತದೆ. ಇಂಡೆಕ್ಸ್‌ಗಳನ್ನು 14ನೇ ಆವೃತ್ತಿಯಿಂದ ರೀಇಂಡೆಕ್ಸ್ ಕನ್‌ಕರೆಂಟ್ಲಿ ಮಾಡುವಾಗಲೇ ಬೇರೆ ಟೇಬಲ್‌ಸ್ಪೇಸ್‌ಗೆ ಕಳಿಸಬಹುದು. ಬೇರೆ ದಾರಿ ಇಲ್ಲದಾಗ ಇದು ಒಳ್ಳೆಯದೇ. ಆದರೆ ಆ ಡಿಸ್ಕ್ ಹೋದರೆ ಆ ಟೇಬಲ್ ಮಾತ್ರ ಹೋಗುತ್ತದೆ, ಉಳಿದದ್ದು ಓಡುತ್ತದೆ ಅಂದುಕೊಳ್ಳಬೇಡಿ. ಟೇಬಲ್‌ಸ್ಪೇಸ್ ಕೂಡ ಡೇಟಾಬೇಸ್‌ನ ಅಂಗವೇ, ಒಂದು ಕಳೆದರೆ ಇಡೀ ಕ್ಲಸ್ಟರ್ ನಂಬಿಕೆಗೆ ಅರ್ಹವಲ್ಲ.

ಮೈಎಸ್‌ಕ್ಯೂಎಲ್ ಇದ್ದರೆ

ಡಿಸ್ಕ್ ತುಂಬಿದಾಗ ಮೈಎಸ್‌ಕ್ಯೂಎಲ್ ಬರೆಯುವುದನ್ನು ತಡೆದು, ಜಾಗ ಬಂತಾ ಅಂತ ನಿಮಿಷಕ್ಕೊಮ್ಮೆ ನೋಡುತ್ತಾ ಕಾಯುವುದುಂಟು. ಜಾಗ ಕೊಟ್ಟರೆ ಮುಂದುವರಿಯುತ್ತದೆ, ಅವಸರದಲ್ಲಿ ಅದನ್ನು ಕಿಲ್ ಮಾಡಬೇಡಿ. ಜಾಗ ತಿನ್ನುವುದು ಬಿನ್‌ಲಾಗ್ (ಬದಲಾವಣೆಗಳನ್ನು ದಾಖಲಿಸುವ ಬೈನರಿ ಲಾಗ್) ಆಗಿದ್ದರೆ ಫೈಲ್ ಅಳಿಸದೆ ಪರ್ಜ್ ಬೈನರಿ ಲಾಗ್ಸ್ ಕೊಡಿ, ಅದಕ್ಕೂ ಮುಂಚೆ ರೆಪ್ಲಿಕಾಗಳು ಎಲ್ಲಿಯ ತನಕ ಓದಿವೆ ಅಂತ ನೋಡಿಕೊಳ್ಳಿ. 8.0ರಲ್ಲಿ ಬಿನ್‌ಲಾಗ್ ಮಾಮೂಲಿಯಾಗಿ 30 ದಿನ ಉಳಿಯುತ್ತದೆ, ಬಹಳ ಕಡೆ ಅಷ್ಟು ಬೇಡ. ರೆಪ್ಲಿಕಾ ಕಟ್ಟಲು 8.0.17ರಿಂದ ಕ್ಲೋನ್ ಪ್ಲಗಿನ್ ಇದೆ, ಪರ್ಕೋನಾದ ಎಕ್ಸ್‌ಟ್ರಾಬ್ಯಾಕಪ್ ಕೂಡ ಚೆನ್ನಾಗಿದೆ. ಬದಲಿಸುವಾಗ ಹಳೆಯದರಲ್ಲಿ ಸೂಪರ್ ರೀಡ್ ಓನ್ಲಿ ಆನ್ ಮಾಡಿ, ಜಿಟಿಐಡಿ (ಟ್ರಾನ್ಸಾಕ್ಷನ್‌ಗಳ ಗುರುತು ಸಂಖ್ಯೆ) ಎರಡೂ ಕಡೆ ಸಮನಾಗಲು ಬಿಟ್ಟು, ಆಮೇಲೆ ಹೊಸದನ್ನು ಬರಹಕ್ಕೆ ತೆರೆಯಿರಿ. ಉಬುಂಟುವಿನಲ್ಲಿ ಡೇಟಾ ಡೈರೆಕ್ಟರಿಯ ಹಾದಿ ಬದಲಿಸಿದರೆ ಆ್ಯಪ್‌ಆರ್ಮರ್ ಅನ್ನುವ ಭದ್ರತಾ ವ್ಯವಸ್ಥೆ ತಡೆಯುತ್ತದೆ, ಲಾಗ್‌ನಲ್ಲಿ ಪರ್ಮಿಷನ್ ಡಿನೈಡ್ ಅಂತ ಮಾತ್ರ ಕಾಣುತ್ತದೆ. ಹೊಸ ಡಿಸ್ಕನ್ನು ಹಳೆಯ ಹಾದಿಯಲ್ಲೇ ಮೌಂಟ್ ಮಾಡಿದರೆ ಈ ರಗಳೆ ಇರುವುದಿಲ್ಲ.

ಕೆಲಸ ಮುಗಿದ ಮೇಲೆ

ಹಳೆಯ ಡಿಸ್ಕ್ ಅಥವಾ ಹಳೆಯ ಸರ್ವರನ್ನು ಅವತ್ತೇ ಅಳಿಸಬೇಡಿ. ಹೊಸದರಿಂದ ಒಂದು ಪೂರ್ತಿ ಬ್ಯಾಕಪ್ ತೆಗೆದು, ಅದನ್ನು ಬೇರೆ ಕಡೆ ರೀಸ್ಟೋರ್ ಮಾಡಿ ನೋಡಿ, ಅದು ಎದ್ದ ಮೇಲೆ ಹಳೆಯದನ್ನು ಬಿಡಿ. ಬ್ಯಾಕಪ್ ಸ್ಕ್ರಿಪ್ಟ್‌ಗಳು, ಮಾನಿಟರಿಂಗ್, ಆರ್ಕೈವ್ ಕಮಾಂಡ್ ಎಲ್ಲ ಹೊಸ ವಿಳಾಸಕ್ಕೆ ತಿರುಗಿವೆಯಾ ಅಂತ ಒಂದೊಂದಾಗಿ ನೋಡಿ. ಉಳಿದ ರೆಪ್ಲಿಕಾಗಳಿಗೆ ಹೊಸ ಪ್ರೈಮರಿಯಲ್ಲಿ ಸ್ಲಾಟ್ ಮಾಡಿಕೊಡಿ, ಹಳೆಯ ಪ್ರೈಮರಿಯ ಸ್ಲಾಟ್‌ಗಳು ತಾವಾಗಿ ಇತ್ತ ಬಂದಿರುವುದಿಲ್ಲ. ಸಾಧ್ಯವಾದರೆ ಒಮ್ಮೆ ಬೇಕೆಂದೇ ರೀಬೂಟ್ ಮಾಡಿ ಮೌಂಟ್ ಸರಿಯಾಗಿ ಬರುತ್ತದಾ ನೋಡಿ, ರೆಪ್ಲಿಕಾ ದಾರಿಯಲ್ಲಿ ಇದನ್ನು ಬದಲಿಸುವ ಮುಂಚೆಯೇ ಮಾಡಿಬಿಡಬಹುದು.

ಅಲರ್ಟ್ ವಿಷಯಕ್ಕೆ ಬಂದರೆ, 90 ಶೇಕಡಾ ಆದಾಗ ಕೂಗುವ ಅಲರ್ಟ್ ತಡವಾಯಿತು. 70ಕ್ಕೆ ಒಂದು ಮೇಲ್ ಬರಲಿ, 80ಕ್ಕೆ ಫೋನ್ ಬರಲಿ. ಅದಕ್ಕಿಂತ ಉಪಯೋಗದ್ದು, ಈಗಿನ ವೇಗದಲ್ಲಿ ಇನ್ನೆಷ್ಟು ದಿನದಲ್ಲಿ ತುಂಬುತ್ತದೆ ಅನ್ನುವ ಲೆಕ್ಕ. ಮಾನಿಟರಿಂಗ್ ಟೂಲ್ ಪ್ರೊಮೀಥಿಯಸ್‌ನಲ್ಲಿ ಅದಕ್ಕೆಂದೇ 'ಪ್ರೆಡಿಕ್ಟ್_ಲೀನಿಯರ್' ಅನ್ನುವ ಫಂಕ್ಷನ್ ಇದೆ. 'ಪಿಜಿ_ವಾಲ್' ಸೈಜ್‌ಗೆ, ಕೆಲಸ ಮಾಡದೆ ಕೂತ ಸ್ಲಾಟ್‌ಗಳಿಗೆ ಬೇರೆಯೇ ಅಲರ್ಟ್ ಇಡಿ, ಅವು ಡಿಸ್ಕ್ ಅಲರ್ಟ್‌ಗಿಂತ ಮುಂಚೆ ಸುದ್ದಿ ಕೊಡುತ್ತವೆ. ಮತ್ತು ಖಾಲಿ ಜಾಗ ಯಾವಾಗಲೂ ನಿಮ್ಮ ಅತಿ ದೊಡ್ಡ ಟೇಬಲ್ ಮತ್ತು ಅದರ ಇಂಡೆಕ್ಸ್‌ಗಳು ಸೇರಿ ಎಷ್ಟಿವೆಯೋ ಅದಕ್ಕಿಂತ ಜಾಸ್ತಿ ಇರಲಿ. ಅಷ್ಟಿಲ್ಲದಿದ್ದರೆ ಆ ಟೇಬಲ್ ಅನ್ನು ರೀಪ್ಯಾಕ್ ಮಾಡಲು ಜಾಗ ಸಿಗುವುದಿಲ್ಲ.